ತಾಯ್ತನ, ತನ್ನತನ, ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿಯ ಬಗ್ಗೆ ಮಾತು ಎಷ್ಟೇ ತಣ್ಣಗೆ ನಡೆಯುತ್ತಿರಲಿ, ಮಕ್ಕಳನ್ನು ಬಿಟ್ಟುಹೋದ ತಾಯಿಯ ಪ್ರಸ್ತಾಪ ಬಂತೆಂದರೆ ದನಿ ಏರುತ್ತದೆ. ಓದುಗರ ಜೊತೆಗಿನ ಹರಟೆಯಲ್ಲಿ, ಪತ್ರಗಳಲ್ಲಿ, ಕರಡು ಕಳಿಸಿ ‘ನೋಡಿ ಹೇಳಿ’ ಎನ್ನುವವರ ಮಾತಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳು ನನ್ನವು, ಒಪ್ಪಲೇಬೇಕೆಂದಿಲ್ಲ.

## ಮೊದಮೊದಲ ಪ್ರಶ್ನೆಗಳು

“ತಾಯ್ತನ–ತನ್ನತನದ ಸಂಘರ್ಷ ಅಂದ್ರೆ ಮನೆ, ಕೆಲಸ ಎರಡನ್ನೂ ತೂಗಿಸೋ ಕಷ್ಟ ತಾನೆ?”

ಅದು ಅದರ ಹೊರಮೈ ಅಷ್ಟೆ. ಹೊರಗೆ ದುಡಿಯಲು ಹೋಗದವಳ ಕಥೆಯಲ್ಲೂ ಈ ಸಂಘರ್ಷ ಇರಬಹುದು. ಹತ್ತು ಜನ ಆಳುಕಾಳು ಇರುವವಳ ಕಥೆಯಲ್ಲೂ ಇರಬಹುದು. ಹೊತ್ತು ಸಾಲದಿರುವುದು ಒಂದು ತೊಂದರೆ. ಹೊತ್ತು ಸಿಕ್ಕಾಗಲೂ ಅದನ್ನು ‘ನನ್ನದು’ ಎನ್ನುವುದಕ್ಕೆ ಒಳಗೆ ಒಬ್ಬಳು ಉಳಿದಿಲ್ಲದಿರುವುದು ಇನ್ನೊಂದು. ಕಥೆಗಾರರನ್ನು ಕಾಡುವುದು ಈ ಎರಡನೆಯದು.

ಮಗು ಮಲಗಿದೆ, ತಾಯಿ ಮೇಜಿನ ಮುಂದೆ ಕೂತಿದ್ದಾಳೆ ಎಂದುಕೊಳ್ಳಿ. ಮೊದಲ ಕಾಲು ಗಂಟೆ ಅವಳದ್ದಲ್ಲ. ಕಿವಿ ಇನ್ನೂ ಒಳಕೋಣೆಯಲ್ಲೇ ಇದೆ. ಅದು ಮಗ್ಗುಲು ಬದಲಿಸಿದ ಸದ್ದೋ, ಎದ್ದ ಸದ್ದೋ? ಅನುಮಾನ ತೀರಿ, ಪುಟದ ಮೇಲಿನ ವಾಕ್ಯ ಕಣ್ಣಿಗೆ ಹತ್ತುವ ಹೊತ್ತಿಗೆ ಮಗು ಎದ್ದೇ ಬಿಡುತ್ತದೆ. ಓಡಿಹೋಗಿ ಎತ್ತಿಕೊಂಡಾಗ ಆಗುವ ಹಿಗ್ಗು ಸುಳ್ಳಲ್ಲ. ಅದರ ತಲೆಯ ಮೇಲಿಂದ ಮೇಜಿನತ್ತ ಕಣ್ಣು ಹಾಯಿಸಿದಾಗ ಆಗುವ ಸಂಕಟವೂ ಸುಳ್ಳಲ್ಲ. ಎರಡೂ ಒಂದೇ ಮೈಯಲ್ಲಿ, ಒಂದೇ ಹೊತ್ತಿಗೆ. ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟುವ ದೃಶ್ಯ ಮುಂದೆ ಬಂದರೂ ಬಾರದಿದ್ದರೂ ಇಂಥ ಕಥೆಗಳು ಹೊರಡುವುದು ಇಲ್ಲಿಂದ.

“ಮಕ್ಕಳ ಮೇಲೆ ನಿಜವಾದ ಪ್ರೀತಿ ಇದ್ದರೆ ಈ ಪ್ರಶ್ನೆಯೇ ಬರಲ್ಲ ಅಲ್ವಾ?”

ಪ್ರೀತಿ ಇಲ್ಲದಿದ್ದರೆ ಸಂಘರ್ಷವಾದರೂ ಎಲ್ಲಿಂದ ಬರಬೇಕು? ಬೇಡವಾದದ್ದನ್ನು ಬಿಟ್ಟು ಎದ್ದುಹೋಗುವುದರಲ್ಲಿ ಕಥೆಯೇ ಇಲ್ಲ.

ಅಮೆರಿಕದ ಕೇಟ್ ಶೋಪ್ಯಾನ್ 1899ರಲ್ಲಿ ಪ್ರಕಟಿಸಿದ ‘ದಿ ಅವೇಕನಿಂಗ್’ ಕಾದಂಬರಿಯ ಎಡ್ನಾ ತನ್ನ ಗೆಳತಿಗೆ ಹೇಳುತ್ತಾಳೆ: ಮಕ್ಕಳಿಗಾಗಿ ದುಡ್ಡು ಕೊಟ್ಟೇನು, ಪ್ರಾಣ ಕೊಟ್ಟೇನು, ಆದರೆ ನನ್ನನ್ನೇ ಕೊಡಲಾರೆ. ಗೆಳತಿಗೆ ತಲೆಬುಡ ತಿಳಿಯುವುದಿಲ್ಲ. ಪ್ರಾಣವನ್ನೇ ಕೊಟ್ಟಮೇಲೆ ಕೊಡಲು ಇನ್ನೇನು ಉಳಿಯಿತು? ಇಂದಿಗೂ ಓದುಗರು ಸರಿಯಾಗಿ ಎರಡು ಪಾಲಾಗುವುದು ಈ ಜಾಗದಲ್ಲೇ. ಪ್ರಾಣ ಕೊಡುವುದು ಒಂದೇ ಸಲದ ಕೆಲಸ, ತನ್ನನ್ನು ಕೊಡುವುದು ದಿನವೂ ಬೆಳಗ್ಗೆ ಎದ್ದು ಮಾಡಬೇಕಾದದ್ದು.

ಇನ್ನು, ಪ್ರೀತಿಯ ಜೊತೆಗೇ ಸಿಟ್ಟು ಬೆರೆತಿರುವುದು ರೋಗವಲ್ಲ. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1949ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ, ಸಾಮಾನ್ಯ ತಾಯಿಯೊಬ್ಬಳು ತನ್ನ ಕೂಸನ್ನು ದ್ವೇಷಿಸಲು ಇರುವ ಕಾರಣಗಳ ಉದ್ದ ಪಟ್ಟಿಯನ್ನೇ ಕೊಟ್ಟರು. ಬೆಳಗ್ಗೆಯೆಲ್ಲ ತಾಯಿಯ ಜೀವ ತಿಂದ ಕೂಸು ಹೊರಗೆ ಹೋದಾಗ ಯಾರೋ ಅಪರಿಚಿತರನ್ನು ನೋಡಿ ನಗುತ್ತದೆ, ಅವರು ‘ಎಷ್ಟು ಮುದ್ದಾಗಿದೆ!’ ಎನ್ನುತ್ತಾರೆ. ಇದೂ ಆ ಪಟ್ಟಿಯಲ್ಲಿದೆ. ಮಕ್ಕಳನ್ನು ಸಾಕಿದವರು ಈ ಸಾಲಿಗೆ ನಗದೆ ಇರುವುದನ್ನು ನಾನು ಕಂಡಿಲ್ಲ.

“ಇದೆಲ್ಲ ಹೊರಗಿನ ಕಾದಂಬರಿಗಳಿಂದ ಬಂದ ಗೀಳು, ನಮ್ಮ ಸಾಹಿತ್ಯದಲ್ಲಿ ಇರಲಿಲ್ಲ ಅಂತಾರೆ. ನಿಜವೇ?”

ಪುಣ್ಯಕೋಟಿಯ ಹಾಡನ್ನು ಮತ್ತೊಮ್ಮೆ ಓದಿ. ನಾವೆಲ್ಲ ಅದನ್ನು ತಾಯಿಮಮತೆಯ ಹಾಡೆಂದು ಕಲಿತವರು. ಕಥೆಯಲ್ಲಿ ನಡೆಯುವುದೇನು? ಹಸು ತನ್ನ ಕರುವಿಗೆ ಕೊನೆಯ ಸಲ ಹಾಲೂಡಿಸಿ, ಅದನ್ನು ಉಳಿದ ಹಸುಗಳ ಕೈಗೊಪ್ಪಿಸಿ, ಹುಲಿಯ ಹತ್ತಿರ ಹೊರಟುಹೋಗುತ್ತದೆ. ಕಾರಣ, ಕೊಟ್ಟ ಮಾತು. ಇನ್ನು ಯಾರ ಮೊಲೆ ಕುಡಿಯಲಿ, ಯಾರ ಪಕ್ಕ ಮಲಗಲಿ ಎಂದು ಕರು ಕೇಳುವ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ತಾನು ಯಾರು ಎಂಬುದು ತಾನು ಆಡಿದ ಮಾತಿನಲ್ಲಿದೆ, ಆ ಮಾತು ಕರುವಿಗಿಂತ ದೊಡ್ಡದು ಎಂದು ತೀರ್ಮಾನಿಸಿದ ತಾಯಿ ಅದು. ತಾಯ್ತನಕ್ಕೂ ತನ್ನತನಕ್ಕೂ ಬಿದ್ದ ಜಗಳದಲ್ಲಿ ತನ್ನತನ ಗೆದ್ದ ಕಥೆ. ಆ ತನ್ನತನಕ್ಕೆ ‘ಸತ್ಯ’ ಎಂಬ ಹೆಸರಿದ್ದುದರಿಂದ ಯಾರೂ ತಕರಾರು ಮಾಡಲಿಲ್ಲ. ಹಾಡಿನ ಜಾಗದಲ್ಲಿ ಕಾದಂಬರಿ, ಸತ್ಯದ ಜಾಗದಲ್ಲಿ ‘ನನ್ನ ಓದು’ ಅಥವಾ ‘ನನ್ನ ಚಿತ್ರಕಲೆ’ ಇಟ್ಟು ನೋಡಿ, ಅದೇ ಓದುಗರು ಹುಲಿಯ ಪಕ್ಷ ಸೇರುತ್ತಾರೆ.

ಕುಂತಿ ಹೊಳೆಯಲ್ಲಿ ತೇಲಿಬಿಟ್ಟದ್ದೂ, ಗಂಗೆ ಏಳು ಮಕ್ಕಳನ್ನು ನೀರಿಗೆ ಕೊಟ್ಟದ್ದೂ ಹೊರಗಿನಿಂದ ತಂದ ಕಥೆಗಳಲ್ಲ. ಕ್ರಿಸ್ತಪೂರ್ವ 431ರಲ್ಲಿ ರಂಗವೇರಿದ ಯೂರಿಪಿಡೀಸನ ನಾಟಕದಲ್ಲಿ ಮೀಡಿಯಾ ‘ಒಮ್ಮೆ ಹೆರುವುದಕ್ಕಿಂತ ಮೂರು ಸಲ ರಣರಂಗದಲ್ಲಿ ನಿಂತೇನು’ ಎನ್ನುತ್ತಾಳೆ. ಗೀಳು ಎನ್ನುವುದಾದರೆ ಬಹಳ ಹಳೆಯ ಗೀಳು, ಎಲ್ಲರ ಮನೆಯದ್ದು. ಹೊಸದು ಏನೆಂದರೆ ತಾಯಿ ‘ನಾನು’ ಎಂದು ಶುರುಮಾಡಿ ತನ್ನ ಮಾತನ್ನು ತಾನೇ ಹೇಳತೊಡಗಿದ್ದು.

“ಅಪ್ಪಂದಿರಿಗೆ ಈ ಸಂಘರ್ಷ ಇಲ್ವಾ?”

ಇದೆ. ಆದರೆ ಕಥೆಗಳು ಅದನ್ನು ಬೇರೆ ಹೆಸರಿನಿಂದ ಕರೆಯುತ್ತವೆ. ಎಳೆಗೂಸನ್ನು ಬಿಟ್ಟು ರಾತ್ರೋರಾತ್ರಿ ಹೊರಟ ಸಿದ್ಧಾರ್ಥನದು ಮಹಾಭಿನಿಷ್ಕ್ರಮಣ. ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ದಲ್ಲಿ ಅಣ್ಣ-ತಂಗಿ ಇಬ್ಬರೂ ಮದುವೆಯ ಆಚೆ ಹೆಜ್ಜೆ ಇಡುತ್ತಾರೆ. ಅಣ್ಣ ಸ್ತೀವಾನ ತಪ್ಪಿನಿಂದಲೇ ಕಾದಂಬರಿ ಶುರು, ಕೊನೆಯವರೆಗೂ ಅವನು ಲವಲವಿಕೆಯಿಂದ ಓಡಾಡಿಕೊಂಡಿರುತ್ತಾನೆ. ತಂಗಿ ಮಗನನ್ನೂ ಕಳೆದುಕೊಂಡು ರೈಲಿನಡಿ ಬೀಳುತ್ತಾಳೆ.

ನನ್ನದೇ ಒಂದು ಅನುಭವ. ಮೂರು ದಿನದ ಸಭೆಗೆಂದು ಬೇರೆ ಊರಿಗೆ ಹೋದ ವಿಜ್ಞಾನಿಯೊಬ್ಬಳ ಕಥೆ ಬರೆದಿದ್ದೆ. ಸಂಪಾದಕರು ಒಂದು ಚೀಟಿ ಅಂಟಿಸಿ ವಾಪಸ್ ಕಳಿಸಿದರು: “ಮಗು ಯಾರ ಹತ್ತಿರ ಇದೆ ಅಂತ ಎರಡು ಸಾಲು ಸೇರಿಸಿ.” ನಾಯಕ ಗಂಡಸಾಗಿದ್ದ ನನ್ನ ಯಾವ ಕಥೆಗೂ ಅಂಥ ಚೀಟಿ ಬಂದಿರಲಿಲ್ಲ. ಆ ಎರಡು ಸಾಲನ್ನು ನಾನು ಸೇರಿಸಿದೆ ಎಂಬುದನ್ನೂ ಹೇಳಿಬಿಡಬೇಕು.

## ಓದುತ್ತ ಹೋದಂತೆ

“ಮಕ್ಕಳನ್ನು ಬಿಟ್ಟುಹೋಗೋ ತಾಯಿ ಅಂದ್ರೆ ಓದುಗರಿಗೆ ಯಾಕೆ ಅಷ್ಟು ಸಿಟ್ಟು?”

ಓದುವಾಗ ನಾವೆಲ್ಲ ಮಕ್ಕಳಾಗಿ ಓದುತ್ತೇವೆ. ಬಾಗಿಲು ಹಾಕಿದ ಸದ್ದು ನಮಗೆ ಕೇಳಿಸುವುದು ಒಳಗಿನಿಂದ.

ಆ ಸದ್ದಿಗೆ ಹೆಸರಾದ ನಾಟಕ ಇಬ್ಸೆನ್ ಅವರ ‘ಗೊಂಬೆಯ ಮನೆ’. ಅದು ಮೊದಲು ರಂಗಕ್ಕೆ ಬಂದದ್ದು 1879ರ ಡಿಸೆಂಬರ್‌ನಲ್ಲಿ, ಕೋಪನ್‌ಹೇಗನ್‌ನಲ್ಲಿ. ಗಂಡನನ್ನೂ ಮೂರು ಮಕ್ಕಳನ್ನೂ ಬಿಟ್ಟು ನೋರಾ ಹೊರಡುತ್ತಾಳೆ. ಜರ್ಮನಿಯಲ್ಲಿ ಆ ಪಾತ್ರ ಮಾಡಬೇಕಿದ್ದ ನಟಿ ಹೆಡ್ವಿಗ್ ನೀಮನ್-ರಾಬೆ, ನಾನಾಗಿದ್ದರೆ ಮಕ್ಕಳನ್ನು ಬಿಟ್ಟುಹೋಗುತ್ತಿರಲಿಲ್ಲ, ಹಾಗಾಗಿ ಈ ಕೊನೆಯನ್ನು ಆಡಲಾರೆ ಎಂದರು. ಅಲ್ಲಿ ನಾಟಕಕ್ಕೆ ಕಾನೂನಿನ ರಕ್ಷಣೆ ಇರಲಿಲ್ಲ, ಬೇರೆ ಯಾರೋ ಕೈಯಾಡಿಸಿ ಕೆಡಿಸುವ ಬದಲು ತಾನೇ ಕೆಡಿಸುವುದು ಮೇಲು ಎಂದು ಇಬ್ಸೆನ್ ಇನ್ನೊಂದು ಕೊನೆ ಬರೆದುಕೊಟ್ಟರು. ಅದರಲ್ಲಿ ಗಂಡ ನೋರಾಳನ್ನು ಮಲಗಿರುವ ಮಕ್ಕಳ ಕೋಣೆಯ ಬಾಗಿಲಿಗೆ ಎಳೆದು ತರುತ್ತಾನೆ, ಅವಳು ಅಲ್ಲೇ ಕುಸಿಯುತ್ತಾಳೆ, ಪರದೆ ಬೀಳುತ್ತದೆ. ತಾನೇ ಬರೆದ ಅದನ್ನು ಇಬ್ಸೆನ್ ನಾಟಕದ ಮೇಲೆ ನಡೆದ ಬರ್ಬರ ಕೃತ್ಯ ಎಂದು ಕರೆದರು.

ಇದು ಬಹಳ ಜನರಿಗೆ ಗೊತ್ತಿರುವ ಕಥೆ. ಅದೇ ನಾಟಕದಲ್ಲಿ ಇನ್ನೊಬ್ಬ ತಾಯಿ ಇದ್ದಾಳೆ, ಅವಳ ಬಗ್ಗೆ ಮಾತೇ ಇಲ್ಲ. ನೋರಾಳನ್ನು ಸಾಕಿದ ದಾದಿ ಆನ್-ಮರಿ ಆ ಕೆಲಸ ಸಿಗಬೇಕೆಂದು ತನ್ನ ಸ್ವಂತ ಮಗಳನ್ನು ಪರರ ಕೈಗೊಪ್ಪಿಸಿ ಬಂದವಳು. ಹಾಗೆ ಮಾಡಲು ಮನಸ್ಸಾದರೂ ಹೇಗೆ ಬಂತು ಎಂದು ನೋರಾ ಕೇಳುತ್ತಾಳೆ. ಪುಟ್ಟ ನೋರಾಳ ದಾದಿಯಾಗಬೇಕಿದ್ದರೆ ಬೇರೆ ದಾರಿ ಇರಲಿಲ್ಲ ಎನ್ನುವುದು ಅವಳ ಉತ್ತರ. ಆ ಮಗಳು ಅಮ್ಮನಿಗೆ ಬರೆದದ್ದು ಎರಡೇ ಸಲ, ಚರ್ಚಿನ ದೀಕ್ಷೆಯಾದಾಗ ಒಮ್ಮೆ, ಮದುವೆಯಾದಾಗ ಒಮ್ಮೆ. ನೂರನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಜನ ನೋರಾಳನ್ನು ಬೈಯುತ್ತಿದ್ದಾರೆ, ಮೆಚ್ಚುತ್ತಿದ್ದಾರೆ. ಆನ್-ಮರಿಯನ್ನು ಯಾರೂ ಬೈಯಲಿಲ್ಲ. ಹೊಟ್ಟೆಪಾಡಿಗೆ ಮಗು ಬಿಟ್ಟವಳ ಮೇಲೆ ನಮಗೆ ಸಿಟ್ಟಿಲ್ಲ, ತನಗಾಗಿ ಬಿಟ್ಟವಳ ಮೇಲೆ ಸಿಟ್ಟು. ಬಿಟ್ಟುಹೋದದ್ದಕ್ಕಿಂತ ಹೆಚ್ಚಾಗಿ ‘ನನಗಾಗಿ’ ಎಂದದ್ದು ನಮ್ಮನ್ನು ಚುಚ್ಚುತ್ತದೆ ಎಂದೇ ನನಗೆ ತೋರುತ್ತದೆ.

“ಇಂಥ ಕಾದಂಬರಿಗಳಲ್ಲಿ ನಾಯಕಿ ಕೊನೆಗೆ ಸಾಯಲೇಬೇಕಾ?”

ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ಹೌದು. ಫ್ರಾನ್ಸಿನ ಫ್ಲೊಬೇರ್ ಬರೆದ ‘ಮದಾಂ ಬೊವಾರಿ’ಯ ಎಮ್ಮಾಳಿಗೆ ವಿಷ, ಅನ್ನಾಳಿಗೆ ರೈಲು, ಎಡ್ನಾಳಿಗೆ ಕಡಲು. ಸಾವು ಕಾದಂಬರಿಕಾರರಿಗೆ ಎರಡೂ ಕಡೆಯ ಲೆಕ್ಕ ಚುಕ್ತಾ ಮಾಡುವ ಸುಲಭ ದಾರಿಯಾಗಿತ್ತು. ಅವಳಿಗೆ ಬೇಕಾದಂತೆ ಬದುಕಲು ಬಿಟ್ಟ ಹಾಗೂ ಆಯಿತು, ಅದಕ್ಕೆ ದಂಡ ಕಟ್ಟಿಸಿದ ಹಾಗೂ ಆಯಿತು. ಫ್ಲೊಬೇರ್ ಮೇಲೆ 1857ರಲ್ಲಿ ಪ್ಯಾರಿಸ್‌ನಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆದಾಗ ಅವರ ವಕೀಲರು ಹೂಡಿದ ವಾದವೂ ಹೆಚ್ಚುಕಡಿಮೆ ಇದೇ: ತಪ್ಪು ಎಂಥ ಘೋರ ಕೊನೆ ಕಾಣುತ್ತದೆ ನೋಡಿ, ಇದು ಓದುಗರನ್ನು ಸದ್ಗುಣದ ಕಡೆ ತಿರುಗಿಸುವ ಪುಸ್ತಕ. ಫ್ಲೊಬೇರ್ ಖುಲಾಸೆಯಾದರು. ಎಮ್ಮಾಳ ಮಗಳು ಬೆರ್ಥ್ ಮಾತ್ರ ಕಾದಂಬರಿಯ ಕೊನೆಯಲ್ಲಿ ಹತ್ತಿ ಗಿರಣಿಯ ಕೂಲಿಗೆ ಸೇರುತ್ತಾಳೆ. ಅದನ್ನು ಓದುಗರು ಬೇಗ ಮರೆಯುತ್ತಾರೆ.

“‘ವಂಶವೃಕ್ಷ’ದ ಕಾತ್ಯಾಯನಿ ಮಾಡಿದ್ದು ಸರಿಯೋ ತಪ್ಪೋ?”

ಕನ್ನಡ ಓದುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಎಸ್. ಎಲ್. ಭೈರಪ್ಪನವರ ಈ ಕಾದಂಬರಿ ಬಂದದ್ದು 1965ರಲ್ಲಿ. ಎಳೆಯ ವಿಧವೆ ಕಾತ್ಯಾಯನಿ ಕಾಲೇಜಿಗೆ ಸೇರುತ್ತಾಳೆ, ತಾನು ಮೆಚ್ಚಿದವನನ್ನು ಮದುವೆಯಾಗುತ್ತಾಳೆ. ಮಗ ಮಾತ್ರ ಮಾವ ಶ್ರೀನಿವಾಸ ಶ್ರೋತ್ರಿಯರ ಮನೆಯಲ್ಲೇ, ಆ ವಂಶದ ಕುಡಿಯಾಗಿ, ಉಳಿಯುತ್ತಾನೆ.

ಸರಿಯೋ ತಪ್ಪೋ ಎಂದು ಕೇಳಿದ ತಕ್ಷಣ ನಾವು ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಯಿತು. ಅದಕ್ಕಿಂತ ಕಾದಂಬರಿ ಅವಳ ಮೈಯಿಂದ ಏನು ಹೇಳಿಸುತ್ತದೆ ಎಂದು ನೋಡಿ. ಎರಡನೆಯ ಮದುವೆಯಲ್ಲಿ ಅವಳ ಬಸಿರು ನಿಲ್ಲುವುದೇ ಇಲ್ಲ. ಅವಳ ಬುದ್ಧಿ ಒಪ್ಪಿದ್ದನ್ನು ಗರ್ಭ ಒಪ್ಪುತ್ತಿಲ್ಲ ಎಂಬಂತೆ. ಲೇಖಕರು ಅವಳ ಬಾಯಿಗೆ ಒಳ್ಳೆಯ ವಾದಗಳನ್ನೇ ಕೊಟ್ಟಿದ್ದಾರೆ, ಆದರೆ ತೂಕವನ್ನು ವಂಶದ ತಟ್ಟೆಗೆ ಹಾಕಿದ್ದಾರೆ ಎಂಬುದು ನನ್ನ ಓದು. ತಮಾಷೆಯೆಂದರೆ (ತಮಾಷೆ ಎನ್ನಬಹುದೋ ಇಲ್ಲವೋ) ಶ್ರೋತ್ರಿಯರು ಯಾವ ವಂಶಕ್ಕಾಗಿ ಬದುಕೆಲ್ಲ ತೇಯ್ದರೋ ಆ ವಂಶದ ರಕ್ತ ತಮ್ಮಲ್ಲೇ ಇಲ್ಲವೆಂದು ಅವರಿಗೆ ಕೊನೆಗೆ ತಿಳಿಯುತ್ತದೆ. ಮರದ ಬೇರೇ ಬೇರೆ. ಆದರೆ ಅಷ್ಟು ಹೊತ್ತಿಗೆ ಕಾತ್ಯಾಯನಿ ತೆರಬೇಕಾದ್ದನ್ನೆಲ್ಲ ತೆತ್ತಾಗಿದೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಕಾದಂಬರಿ ಅದನ್ನು ಹೊಗಳುವವರು ಹೇಳುವುದಕ್ಕಿಂತಲೂ ಬೈಯುವವರು ಹೇಳುವುದಕ್ಕಿಂತಲೂ ಇಕ್ಕಟ್ಟಿನದಾಗಿ ಕಾಣುತ್ತದೆ.

“ತಾಯಿಯ ಕಥೆಯನ್ನ ಯಾವಾಗಲೂ ಮಕ್ಕಳೇ ಯಾಕೆ ಹೇಳ್ತಾರೆ?”

ಬರೆಯಲು ಬಿಡುವಿದ್ದದ್ದು ಮಕ್ಕಳಿಗೆ. ಹಾಗಾಗಿ ಕಥೆಗಳ ತುಂಬ ‘ನನ್ನ ಅಮ್ಮ’ ಇದ್ದಾಳೆ, ‘ಅಮ್ಮನಾದ ನಾನು’ ಇತ್ತೀಚಿನವಳು. ಮಕ್ಕಳು ಹೇಳುವ ಕಥೆ ಸುಳ್ಳಾಗಬೇಕಿಲ್ಲ, ಆದರೆ ಅದು ಮೊಣಕಾಲೆತ್ತರದಿಂದ ಕಂಡ ಅಮ್ಮ.

ವರ್ಜೀನಿಯಾ ವುಲ್ಫ್ ಅವರ ತಾಯಿ ತೀರಿಕೊಂಡಾಗ ಅವರಿಗೆ 13 ವರ್ಷ. ಮೂವತ್ತೆರಡು ವರ್ಷಗಳ ನಂತರ, 1927ರಲ್ಲಿ ಬಂದ ‘ಟು ದಿ ಲೈಟ್‌ಹೌಸ್’ನಲ್ಲಿ ಎಂಟು ಮಕ್ಕಳ ತಾಯಿ ಮಿಸೆಸ್ ರಾಮ್ಸೆ ಇದ್ದಾಳೆ. ಆಕೆಯ ಸ್ವಂತ ಹೆಸರೇನೆಂದು ಕಾದಂಬರಿ ಹೇಳುವುದೇ ಇಲ್ಲ. ಮಕ್ಕಳು ಮಲಗಲು ಹೋದ ಮೇಲೆ ಒಂದು ಗಳಿಗೆ, ಹೆಣಿಗೆ ಹಿಡಿದು ಒಬ್ಬಳೇ ಕೂತಾಗ, ಆಕೆ ಯಾರ ಕಣ್ಣಿಗೂ ಬೀಳದ ಒಂದು ಕತ್ತಲ ತುಣುಕಾಗಿ ಕುಗ್ಗಿ ಹಾಯೆನಿಸಿಕೊಳ್ಳುತ್ತಾಳೆ. ಮಗಳೊಬ್ಬಳು ಅಮ್ಮನ ಆ ಕತ್ತಲನ್ನು ಊಹಿಸಿ, ಅದಕ್ಕೆ ದೀಪ ಹಿಡಿಯದೆ ಬಿಟ್ಟದ್ದು ನನಗೆ ಆ ಪುಸ್ತಕದ ಅತಿ ದೊಡ್ಡ ಸೌಜನ್ಯ ಎನಿಸುತ್ತದೆ.

ದಿಕ್ಕು ಬದಲಿಸಿದ ಕಾದಂಬರಿಯೂ ಇದೆ. ಮಹಾಶ್ವೇತಾ ದೇವಿ 1974ರಲ್ಲಿ ಪ್ರಕಟಿಸಿದ ಬಂಗಾಳಿ ಕೃತಿಯ ಹೆಸರೇ ‘1084ರ ತಾಯಿ’. 1084 ಎನ್ನುವುದು ಮಗನ ಶವಕ್ಕೆ ಶವಾಗಾರ ಕೊಟ್ಟ ಸಂಖ್ಯೆ. ಬ್ಯಾಂಕ್ ಉದ್ಯೋಗಿ ಸುಜಾತಾ, ನಕ್ಸಲ್ ಚಳವಳಿಯಲ್ಲಿ ಸತ್ತ ಮಗ ಯಾರಾಗಿದ್ದ ಎಂದು ಹುಡುಕುತ್ತ ಹೊರಟು, ತಾನು ಯಾರು ಎಂಬಲ್ಲಿಗೆ ತಲುಪುತ್ತಾಳೆ. ಇಲ್ಲಿ ತಾಯ್ತನ ತನ್ನತನದ ಶತ್ರುವಲ್ಲ, ಅದಕ್ಕೆ ಹೋಗುವ ದಾರಿ. ಹೆಂಡತಿ, ಸೊಸೆ, ಮನೆಯೊಡತಿ ಎಂಬ ಉಳಿದ ವೇಷಗಳೇ ಅವಳ ಉಸಿರು ಕಟ್ಟಿಸಿದ್ದು.

“ತಾಯ್ತನವೇ ತನ್ನತನ ಆಗಬಾರದೇ? ಎರಡೂ ಎದುರುಬದುರು ನಿಲ್ಲಲೇಬೇಕು ಅಂತ ಏನಿದೆ?”

ಆಗಬಹುದು. ಎದುರುಬದುರು ನಿಲ್ಲಿಸುವುದೇ ಒಂದು ಅನುಕೂಲವಂತರ ಅಭ್ಯಾಸ ಎಂದು ವಾದಿಸುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ತಾಯಿಯಾಗುವ ಹಕ್ಕನ್ನೇ ಕಿತ್ತುಕೊಂಡಿದ್ದ ಕಡೆ ‘ಇದು ನನ್ನ ಮಗು’ ಎನ್ನುವುದೇ ‘ನಾನು ಮನುಷ್ಯಳು’ ಎಂದ ಹಾಗೆ.

ಅಮೆರಿಕದ ವರ್ಜೀನಿಯಾ ವಸಾಹತು 1662ರಲ್ಲಿ ಮಾಡಿದ ಕಾನೂನಿನ ಪ್ರಕಾರ ಮಗುವಿನ ಸ್ಥಿತಿ ತಾಯಿಯ ಸ್ಥಿತಿ. ಹೆತ್ತವಳು ಗುಲಾಮಳಾದರೆ ಹುಟ್ಟಿದ್ದೂ ಗುಲಾಮ, ಅಪ್ಪ ಯಾರೇ ಆಗಿರಲಿ. ಅಂದರೆ ಅವಳು ಹೆತ್ತದ್ದು ಅವಳದಲ್ಲ, ಒಡೆಯನ ಆಸ್ತಿ. ಮಾರ್ಗರೆಟ್ ಗಾರ್ನರ್ ಎಂಬಾಕೆ 1856ರ ಜನವರಿಯಲ್ಲಿ ಹೆಪ್ಪುಗಟ್ಟಿದ್ದ ಒಹಾಯೊ ನದಿ ದಾಟಿ ಕುಟುಂಬದೊಂದಿಗೆ ತಪ್ಪಿಸಿಕೊಂಡು, ಹಿಡಿಯುವವರು ಬಂದು ಸುತ್ತುವರಿದಾಗ ತನ್ನ ಎಳೆಯ ಮಗಳನ್ನು ಕೊಂದಳು. ಆಮೇಲೆ ನ್ಯಾಯಾಲಯದಲ್ಲಿ ನಡೆದ ಹಗ್ಗಜಗ್ಗಾಟ ಯಾವ ಕಾದಂಬರಿಗೂ ಮಿಗಿಲು. ಅವಳನ್ನು ಕೊಲೆ ಆರೋಪದ ಮೇಲೆ ವಿಚಾರಿಸಬೇಕೋ, ಓಡಿಹೋದ ಆಸ್ತಿಯೆಂದು ಒಡೆಯನಿಗೆ ಹಿಂತಿರುಗಿಸಬೇಕೋ? ಕೊಲೆಗಾರ್ತಿ ಎಂದರೆ ಅವಳೂ ಒಬ್ಬ ವ್ಯಕ್ತಿ, ಸತ್ತ ಮಗುವೂ ಒಬ್ಬ ವ್ಯಕ್ತಿ ಎಂದು ಒಪ್ಪಿದ ಹಾಗೆ. ಅವಳನ್ನು ಹಿಂತಿರುಗಿಸಲಾಯಿತು.

ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಈ ಘಟನೆಯಿಂದ ಹುಟ್ಟಿದ್ದು. ಅದರ ನಾಯಕಿ ಸೆಥೆಗೆ ತನ್ನ ಮಕ್ಕಳೇ ತನ್ನ ಅತ್ಯುತ್ತಮ ಭಾಗ, ಒಡೆಯರ ಕೊಳಕು ತಾಗದೆ ಉಳಿದ ಭಾಗ. ಹೀಗೆ ತಾಯ್ತನವೇ ಇಡಿಯ ತನ್ನತನವಾದಾಗ ಏನಾಗಬಹುದು ಎಂಬುದನ್ನೂ ಮಾರಿಸನ್ ಕಣ್ಣು ಮುಚ್ಚದೆ ತೋರಿಸುತ್ತಾರೆ. ಹಾಸಿಗೆ ಹಿಡಿದ ಅವಳಿಗೆ ಸಂಗಾತಿ ಪಾಲ್ ಡಿ ಕೊನೆಗೆ ಹೇಳುತ್ತಾನೆ, ನಿನ್ನ ಅತ್ಯುತ್ತಮ ಭಾಗ ನೀನೇ ಎಂದು. ಸೆಥೆಯ ಉತ್ತರ ಎರಡೇ ಪದ: “ನಾನಾ? ನಾನಾ?” ಆ ಪ್ರಶ್ನಾರ್ಥಕ ಚಿಹ್ನೆ ಅಳಿಸಿಹೋಗುವುದನ್ನು ಕಾದಂಬರಿ ನಮಗೆ ತೋರಿಸುವುದಿಲ್ಲ.

“ಬಾಣಂತನದ ಖಿನ್ನತೆಯ ಕಥೆಗಳನ್ನೂ ಇದೇ ಸಾಲಿಗೆ ಸೇರಿಸಬಹುದಾ?”

ಪಕ್ಕದಲ್ಲಿಡಬಹುದು, ಒಂದೇ ಮಾಡಬಾರದು. ಖಿನ್ನತೆ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ತನ್ನತನಕ್ಕಾಗಿ ಹಂಬಲಿಸುವುದು ಕಾಯಿಲೆಯಲ್ಲ. ಎರಡನ್ನೂ ಬೆರೆಸಿದರೆ, ‘ನನಗೆ ನನ್ನ ಬದುಕು ಬೇಕು’ ಎಂದವಳನ್ನೆಲ್ಲ ಆಸ್ಪತ್ರೆಗೆ ಕಳಿಸಿ ಕೈತೊಳೆದುಕೊಳ್ಳಬಹುದು. ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೊ ವಾಲ್‌ಪೇಪರ್’ ಕಥೆಯಲ್ಲಿ ನಡೆಯುವುದೂ ಅದೇ. ಬಾಣಂತಿಗೆ ವೈದ್ಯ ಗಂಡ ಕೊಡುವ ಮದ್ದು ಪೂರ್ತಿ ವಿಶ್ರಾಂತಿ, ಬರೆಯುವುದು ನಿಷಿದ್ಧ. ಅವಳು ಗೋಡೆಕಾಗದದ ಚಿತ್ತಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಾಣತೊಡಗುತ್ತಾಳೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ದುರಂತ ಇನ್ನೊಂದು ಬಗೆಯದು. ಅವಳು ಗುಣವಾಗಿ ಬರುತ್ತಾಳೆ. ಗುಣವಾದವಳೆಂದು ನಂಬಲು ಸುತ್ತಲಿನವರು ಸಿದ್ಧರಿಲ್ಲ.

## ಬರೆಯಲು ಕೂತವರಿಗೆ

“ನನಗೆ ಮಕ್ಕಳಿಲ್ಲ. ನಾನು ಇದನ್ನು ಬರೆಯಬಹುದಾ? ಗಂಡಸರು ಬರೆಯಬಹುದಾ?”

‘ಬಂಜೆ ಬೇನೆಯನರಿವಳೆ’ ಎಂದು ಕೇಳಿದ್ದು ಅಕ್ಕಮಹಾದೇವಿ. ಅದೇ ವಚನದಲ್ಲೇ ‘ನೊಂದವರ ನೋವ ನೋಯದವರೆತ್ತ ಬಲ್ಲರು’ ಎಂಬ ಸಾಲೂ ಇದೆ. ಇದನ್ನು ಹಿಡಿದು ಬರೆಯುವವರ ಬಾಯಿ ಮುಚ್ಚಿಸುವವರು, ಹೆರಿಗೆಬೇನೆಯ ಆ ಹೋಲಿಕೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದವಳು ಹೆತ್ತವಳಲ್ಲ ಎಂಬುದನ್ನು ಮರೆತಿರುತ್ತಾರೆ. ವುಲ್ಫ್ ಅವರಿಗೂ ಮಕ್ಕಳಿರಲಿಲ್ಲ.

ಇನ್ನು ಗಂಡಸರು. ‘ಅನ್ನಾ ಕರೆನಿನಾ’ದಲ್ಲಿ ಎಲ್ಲರೂ ಅನ್ನಾಳನ್ನೇ ನೋಡುತ್ತಾರೆ, ನಾನು ಸ್ತೀವಾನ ಹೆಂಡತಿ ಡಾಲಿಯನ್ನು ನೋಡಿ ಎನ್ನುತ್ತೇನೆ. ಐದು ಮಕ್ಕಳು ಬದುಕಿವೆ, ಎರಡು ಸತ್ತಿವೆ. ಅನ್ನಾಳನ್ನು ಕಾಣಲು ಗಾಡಿಯಲ್ಲಿ ಒಬ್ಬಳೇ ಹೊರಟಾಗ, ಮನೆಯಲ್ಲಿ ಯೋಚಿಸಲು ಪುರುಸೊತ್ತೇ ಸಿಗದಿದ್ದುದೆಲ್ಲ ಒಮ್ಮೆಲೇ ತಲೆಗೆ ನುಗ್ಗುತ್ತದೆ: ಬಸಿರು, ವಾಂತಿ, ಹೆರಿಗೆ, ಮೊಲೆಹಾಲೂಡಿಸುವ ನೋವು, ಮತ್ತೆ ಬಸಿರು. ಮಗು ಸತ್ತದ್ದು ಒಂದು ಬಂಧನ ಕಳೆದ ಹಾಗಾಯಿತು ಎಂದು ರೈತ ಹೆಂಗಸೊಬ್ಬಳು ಹೇಳಿದ್ದು ನೆನಪಾಗುತ್ತದೆ. ಕೇಳಿದಾಗ ಹೇಸಿಗೆಯಾಗಿತ್ತು, ಈಗ ಅದರಲ್ಲೊಂದು ನಿಜವೂ ಕಾಣುತ್ತದೆ. ಅನ್ನಾಳ ಮನೆ ತಲುಪಿದ ಮೇಲೆ ಸೊಗಸಾಗಿ ಉಟ್ಟ ಕೆಲಸದವಳ ಎದುರು ತನ್ನ ತೇಪೆ ಹಾಕಿದ ರವಿಕೆ ತೆಗೆಯಲು ಡಾಲಿಗೆ ನಾಚಿಕೆ. ಅದೇ ತೇಪೆಗಳ ಬಗ್ಗೆ ಮನೆಯಲ್ಲಿ ಅವಳಿಗೆ ಹೆಮ್ಮೆಯಿತ್ತು. ತಾಯ್ತನ-ತನ್ನತನದ ಇಡೀ ತಕರಾರು ಆ ತೇಪೆಯಲ್ಲಿದೆ, ಬರೆದದ್ದು ಗಂಡಸು. ಆ ಗಂಡಸಿನ ಹಸ್ತಪ್ರತಿಗಳನ್ನು ಪ್ರತಿ ಮಾಡಿಕೊಡುತ್ತಿದ್ದ ಹೆಂಡತಿ ಸೋಫಿಯಾ 13 ಮಕ್ಕಳನ್ನು ಹೆತ್ತವರು ಎಂಬುದನ್ನು ಮಾತ್ರ ಇಲ್ಲೇ ಬರೆದಿಡುತ್ತೇನೆ.

“ನನ್ನ ಕಥೆಯ ತಾಯಿ ಸ್ವಾರ್ಥಿ ಥರ ಕಾಣ್ತಾಳೆ ಅಂತ ಓದಿದವರೆಲ್ಲ ಹೇಳ್ತಿದಾರೆ. ಏನು ಮಾಡಲಿ?”

ಮೊದಲು, ಅವಳಿಗೆ ಬೇಕಾದದ್ದೇನು ಎಂದು ನಿಮಗೆ ಗೊತ್ತಿದೆಯೇ ನೋಡಿಕೊಳ್ಳಿ. ಬಹಳ ಕರಡುಗಳಲ್ಲಿ ಅವಳಿಗೆ ‘ತನ್ನದೇ ಆದ ಒಂದು ಬದುಕು’ ಬೇಕಾಗಿರುತ್ತದೆ. ಎದುರಿಗೆ ಜ್ವರ ಬಂದ ಮಗು ಇದೆ, ಅದರ ಹಣೆ ಸುಡುತ್ತಿದೆ. ಸುಡುವ ಹಣೆಯ ಎದುರು ಗಾಳಿಯಲ್ಲಿ ತೇಲುವ ಪದ ನಿಲ್ಲುವುದಿಲ್ಲ, ಓದುಗರು ಮಗುವಿನ ಕಡೆ ಹೋಗುತ್ತಾರೆ. ಅದು ಅವರ ತಪ್ಪಲ್ಲ.

ಒಬ್ಬರು ಕಳಿಸಿದ ಕರಡಿನಲ್ಲಿ ನಾಯಕಿಗೆ ‘ಕಳೆದುಹೋದ ಕನಸು’ ಇತ್ತು. ಯಾವ ಕನಸು ಎಂದು ಕೇಳಿದೆ. ಎರಡು ವಾರ ಸುಮ್ಮನಿದ್ದರು. ಆಮೇಲೆ ಬಂದ ಕರಡಿನಲ್ಲಿ ಒಂದು ನೋಟ್‌ಬುಕ್ ಇತ್ತು. ಅವಳು ಹವ್ಯಾಸಿ ಖಗೋಳ ವೀಕ್ಷಕಿ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಮೋಡವಿಲ್ಲದ ರಾತ್ರಿಗಳಲ್ಲಿ ನೋಡಿ, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ, ಎಷ್ಟು ಪ್ರಖರವೆಂದು ಅಂಕಿ ಬರೆದಿಡುತ್ತಿದ್ದವಳು. ಹೆರಿಗೆಯಾದ ತಿಂಗಳಿಂದ ನೋಟ್‌ಬುಕ್‌ನಲ್ಲಿ ತಾರೀಖುಗಳು ಮಾತ್ರ ಇವೆ, ಎದುರಿಗೆ ಅಂಕಿಯಿಲ್ಲ. ಕಣ್ಣು ಕತ್ತಲಿಗೆ ಸರಿಯಾಗಿ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಅಷ್ಟರೊಳಗೆ ಮಗು ಅಳುತ್ತದೆ, ಒಳಗೆ ಬಂದು ದೀಪ ಹಾಕುತ್ತಾಳೆ, ಕಣ್ಣು ಕೆಡುತ್ತದೆ, ಮತ್ತೆ ಮೊದಲಿಂದ. ‘ಸ್ವಾರ್ಥಿ’ ಎಂಬ ಮಾತು ಆಮೇಲೆ ಯಾರಿಂದಲೂ ಬರಲಿಲ್ಲ. ದೀಪ ಹಾಕಬೇಡ ಎಂದು ಓದುವವರೇ ಮನಸ್ಸಿನಲ್ಲಿ ಕೂಗುವಂತಾಗಿತ್ತು. ಮಗುವಿನ ಅಳು ನಿಲ್ಲಲಿ ಎಂದೂ ಕೂಗುವಂತಾಗಿತ್ತು.

“ಮಗುವನ್ನು ಪಾತ್ರವಾಗಿ ಹೇಗೆ ಬರೆಯೋದು? ಅಳೋದು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ.”

ಇಂಥ ಕಥೆಗಳು ಹೆಚ್ಚಾಗಿ ಸೋಲುವುದು ಇಲ್ಲೇ. ತಾಯಿಯನ್ನು ವ್ಯಕ್ತಿಯನ್ನಾಗಿಸುವ ಭರದಲ್ಲಿ ಮಗು ಅಡ್ಡಗಾಲಾಗುತ್ತದೆ, ಗಡಿಯಾರದ ಅಲಾರಂನಷ್ಟೇ ಆಗುತ್ತದೆ. ಮಗುವಿಗೂ ಅದರದೇ ತಲೆಯಿದೆ. ಅನ್ನಾಳ ಮಗ ಸೆರ್ಯೋಜಾನಿಗೆ ತಾಯಿ ಸತ್ತಳೆಂದು ಹೇಳಿರುತ್ತಾರೆ. ಅವನು ನಂಬುವುದಿಲ್ಲ. ವಾಯುವಿಹಾರಕ್ಕೆ ಹೋದಾಗ ಮೈತುಂಬಿದ, ಕಪ್ಪು ಕೂದಲಿನ ಹೆಂಗಸು ಯಾರೇ ಕಂಡರೂ ಅವಳೇ ಇರಬಹುದೆಂದು ಕಾಯುತ್ತಾನೆ. ಅವನ ಹುಟ್ಟುಹಬ್ಬದ ಬೆಳಗ್ಗೆ ಅನ್ನಾ ಕದ್ದು ಮನೆಯೊಳಗೆ ಬರುತ್ತಾಳೆ, ಹಾಸಿಗೆಯಲ್ಲಿದ್ದವನನ್ನು ತಬ್ಬಿ ಅಳುತ್ತಾಳೆ, ಗಂಡ ಬರುವ ಹೊತ್ತಾಯಿತೆಂದು ಓಡಿಹೋಗುತ್ತಾಳೆ. ಹಿಂದಿನ ದಿನ ಅಂಗಡಿಯಲ್ಲಿ ಒಂದೊಂದಾಗಿ ಆರಿಸಿದ ಆಟಿಕೆಗಳ ಪೊಟ್ಟಣ ಬಿಚ್ಚಲೂ ಆಗದೆ ಅವಳ ಕೈಯಲ್ಲೇ ವಾಪಸ್ ಬರುತ್ತದೆ.

ಹುಡುಗ ಆ ಪೊಟ್ಟಣವನ್ನು ನೋಡಲೇ ಇಲ್ಲ ಎಂಬುದನ್ನು ಗಮನಿಸಿ. ಅವನಿಗೆ ಬೇಕಿದ್ದದ್ದು ಬೇರೆ, ಅವಳು ತಂದದ್ದು ಬೇರೆ. ಇಬ್ಬರಿಗೂ ಬೇರೆಬೇರೆ ಆಸೆ ಇದ್ದಾಗಲೇ ಇಬ್ಬರು ಮನುಷ್ಯರು ಒಂದು ಕೋಣೆಯಲ್ಲಿದ್ದಾರೆ ಅನಿಸುವುದು.

“ತಾಯಿಯಾದ ಮೇಲೆ ನಾನು ಬರೆಯೋದೇ ನಿಂತುಹೋಗಿದೆ. ಇದಕ್ಕೇನಾದರೂ ಉಪಾಯ ಇದೆಯಾ?”

ಬೆಳಗಿನ ಜಾವ ಏಳಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತ, ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ದುಡಿಯುತ್ತ, ನಸುಕಿನಲ್ಲೆದ್ದು ಬರೆದ ಮಾರಿಸನ್ ಅವರ ಉದಾಹರಣೆಯನ್ನೂ ಕೊಡುತ್ತಾರೆ. ಎಲ್ಲರ ಮಕ್ಕಳೂ ನಸುಕಿನಲ್ಲಿ ಮಲಗಿರುವುದಿಲ್ಲ. ನನ್ನ ಬಳಿ ಉಪಾಯವಿಲ್ಲ, ಒಂದು ಕಥೆಯಿದೆ.

ಟಿಲ್ಲಿ ಓಲ್ಸನ್ ಹುಟ್ಟಿದ್ದು 1912ರಲ್ಲಿ. ನಾಲ್ಕು ಹೆಣ್ಣುಮಕ್ಕಳು, ಕೂಲಿಯ ಕೆಲಸಗಳು. ಮೊದಲ ಕಥಾಸಂಕಲನ ಬಂದದ್ದು 1961ರಲ್ಲಿ. ಅದರಲ್ಲಿನ ಒಂದು ಕಥೆ ಪೂರ್ತಿ ಒಬ್ಬ ತಾಯಿ ಇಸ್ತ್ರಿ ಮಾಡುತ್ತ ನಿಂತಿರುವಷ್ಟು ಹೊತ್ತಿನದು. ಮಗಳ ಬಗ್ಗೆ ಮಾತಾಡಬೇಕು ಬನ್ನಿ ಎಂದು ಯಾರೋ ಕರೆದಿದ್ದಾರೆ. ಆ ಮಾತು ಇಸ್ತ್ರಿಪೆಟ್ಟಿಗೆಯ ಜೊತೆ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ, ಕಿರಿಯ ಕೂಸು ಅತ್ತಾಗ ಕಥೆಯೂ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಅಡ್ಡಿಯನ್ನು ಓಲ್ಸನ್ ಕಥೆಯಿಂದ ಹೊರಗಿಡಲಿಲ್ಲ, ಅದನ್ನೇ ಕಥೆಯ ಆಕಾರ ಮಾಡಿಕೊಂಡರು. ಹಾಗೆಂದು ಅಡ್ಡಿಯನ್ನು ಅವರು ಹೊಗಳಲೂ ಇಲ್ಲ. 1978ರ ‘ಸೈಲೆನ್ಸಸ್’ ಪುಸ್ತಕದ ತುಂಬ ಇರುವುದು ಬರೆಯದೆ ಹೋದ ಪುಸ್ತಕಗಳ ಲೆಕ್ಕ. ನೀವು ಬರೆಯದಿದ್ದ ವರ್ಷಗಳಿಗೆ ನೀವು ಸೋಮಾರಿಯಾಗಿದ್ದದ್ದೇ ಕಾರಣ ಎಂದು ಯಾರಾದರೂ ಹೇಳಿದರೆ ಆ ಪುಸ್ತಕ ಅವರ ಕೈಗೆ ಕೊಡಿ.

“ಕಥೆಯನ್ನ ಹೇಗೆ ಮುಗಿಸಲಿ? ಬಿಟ್ಟುಹೋಗಿಸಲಾ, ವಾಪಸ್ ಕರೆಸಲಾ?”

ಎರಡೇ ಬಾಗಿಲು ಇವೆ ಎಂದುಕೊಂಡರೆ ಯಾವುದರಲ್ಲಿ ಹೋದರೂ ತೀರ್ಪು ಕೊಟ್ಟ ಹಾಗಾಗುತ್ತದೆ. ಬಿಟ್ಟುಹೋದರೆ ಬಿಡುಗಡೆ, ಉಳಿದರೆ ತ್ಯಾಗ ಎನ್ನುತ್ತಾರೆ, ಅಥವಾ ಬಿಟ್ಟುಹೋದರೆ ಪಾಪ, ಉಳಿದರೆ ಸೋಲು ಎನ್ನುತ್ತಾರೆ. ಎಲೆನಾ ಫೆರಾಂಟೆ ಅವರ ‘ದಿ ಲಾಸ್ಟ್ ಡಾಟರ್’ (2006) ಈ ಲೆಕ್ಕವನ್ನೇ ಕೆಡಿಸುತ್ತದೆ. ಲೇಡಾ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಬಿಟ್ಟುಹೋದವಳು, ಮೂರು ವರ್ಷದ ಮೇಲೆ ವಾಪಸ್ ಬಂದವಳು. ಹೋದದ್ದು ಎಷ್ಟು ತನಗಾಗಿಯೋ ಬಂದದ್ದೂ ಅಷ್ಟೇ ತನಗಾಗಿ ಎಂಬುದು ಅವಳ ಮಾತು. ಪಶ್ಚಾತ್ತಾಪದ ಮೆತ್ತೆ ಹಾಸಿಲ್ಲ. ಕೊನೆಗೆ, ಬೆಳೆದ ಮಕ್ಕಳು ಫೋನ್ ಮಾಡಿ ಬದುಕಿದ್ದೀಯೋ ಸತ್ತಿದ್ದೀಯೋ ಎಂದು ಕೇಳಿದರೆ, ಸತ್ತಿದ್ದೇನೆ, ಆದರೆ ಚೆನ್ನಾಗಿದ್ದೇನೆ ಎನ್ನುತ್ತಾಳೆ.

ನಕ್ಷತ್ರದ ಕಥೆ ಬರೆದವರೂ ಇದೇ ಪ್ರಶ್ನೆ ಕೇಳಿದ್ದರು. ಮೊದಲ ಕರಡಿನಲ್ಲಿ ಅವರ ನಾಯಕಿ ದೂರದ ವೀಕ್ಷಣಾಲಯದಲ್ಲಿ ಕೆಲಸ ಹಿಡಿದು ಹೊರಟುಹೋಗುತ್ತಿದ್ದಳು. ಎರಡನೆಯದರಲ್ಲಿ ನೋಟ್‌ಬುಕ್ಕನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ ಮಗುವನ್ನು ಎದೆಗವಚಿಕೊಳ್ಳುತ್ತಿದ್ದಳು. ಎರಡನ್ನೂ ಹರಿದು ಹಾಕಿದರು, ನಾನು ಹೇಳಿ ಅಲ್ಲ, ಅವರಿಗೇ ಬೇಸರ ಬಂದು. ಈಗಿರುವ ಕರಡಿನಲ್ಲಿ ಅವಳು ದೀಪ ಹಾಕದೆ, ಅಳುವ ಮಗುವನ್ನು ಕತ್ತಲಲ್ಲೇ ತಡವಿ ಎತ್ತಿಕೊಂಡು, ಹೆಗಲ ಮೇಲೆ ಹಾಕಿಕೊಂಡು ಮೇಲೆ ಹೋಗುತ್ತಾಳೆ. ಬೈನಾಕ್ಯುಲರ್ ಒಂದೇ ಕೈಯಲ್ಲಿ ನಡುಗುತ್ತದೆ. ಕಥೆಯ ಕೊನೆಯಲ್ಲಿ ನೋಟ್‌ಬುಕ್‌ನ ಒಂದು ಸಾಲಿದೆ: ತಾರೀಖು, ಅದರ ಮುಂದೆ ಅಂಕಿ, ಅಂಕಿಯ ಪಕ್ಕದಲ್ಲಿ ‘ನಿಖರವಲ್ಲ’ ಎಂಬ ಗುರುತು.